ಎನ್ನೆಸ್ಸೆಸ್ ಕ್ಯಾಂಪಿಂದ ಊರಿಗೆ ಏನಾಯ್ತು ಅಂತ ಬರೆಯೋದ್ ಹೆಂಗೆ? ಫೋಟೋ ಬಿಟ್ರೆ ನಮ್ಮತ್ರ ಏನೂ ಇಲ್ಲ

ತಿಪಟೂರು_ಮೇಡಂ:
ಎಲ್ರಿಗೂ ನಮಸ್ಕಾರ. ತಿಪಟೂರು ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡ್ತೀನಿ. ಹೋದ್ ವರ್ಷ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಪ್ರೋಗ್ರಾಂ ಆಫೀಸರ್ (ಪಿಓ) ಚಾರ್ಜು ನನ್ ತಲೆಗೆ ಕಟ್ಟಿದ್ರು, ಬೇರೆ ಯಾರೂ ಒಪ್ಕೊಳ್ಳಲಿಲ್ಲ ಅದಕ್ಕೆ. ಈಗ ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ಬರ್ತಿದೆ, ಐಕ್ಯೂಎಸಿ (ಕಾಲೇಜಲ್ಲಿ ನ್ಯಾಕ್ ಕೆಲ್ಸ ನೋಡ್ಕೊಳ್ಳೋ ಸಮಿತಿ) ಸರ್ ದಿನಾ ಸ್ಟಾಫ್ ರೂಮಿಗೆ ಬಂದು "ಮೇಡಂ, ಕ್ಯಾಂಪ್‌ದು ಇಂಪ್ಯಾಕ್ಟ್ ಒಂದ್ ಪೇಜ್ ಬರ್ಕೊಡಿ, ಜಿಯೋಟ್ಯಾಗ್ ಫೋಟೋ ಹಾಕಿ" ಅಂತಾರೆ.

ನಮ್ಮತ್ರ ಇರೋದು ಇಷ್ಟು. ಏಳು ದಿನದ ಕ್ಯಾಂಪು, 50 ಜನ ಹುಡುಗ್ರು, 11 ಇಂಗುಗುಂಡಿ (ಬಚ್ಚಲ ನೀರು ಇಂಗೋಕೆ ಕಲ್ಲು ತುಂಬಿದ ಗುಂಡಿ), 150 ಸಸಿ, ಒಂದು ಕಣ್ಣಿನ ತಪಾಸಣೆ (86 ಜನ ಬಂದಿದ್ರು), ಒಂದು ಜಾಥಾ, ದಿನಾ ಸಂಜೆ ಕಲ್ಚರಲ್ಸ್. ಹಳೇ ಫೈಲ್ ತೆಗೆದು ನೋಡಿದೆ, ಹತ್ತು ವರ್ಷದ್ದು, ಎಲ್ಲಾದ್ರಲ್ಲೂ ಕೊನೇ ಸಾಲು ಒಂದೇ, "ಈ ಶಿಬಿರದಿಂದ ಗ್ರಾಮಸ್ಥರಲ್ಲಿ ಅರಿವು ಮೂಡಿತು." ಊರ ಹೆಸರು ಮಾತ್ರ ಬೇರೆ. ಒಂದ್ ವರ್ಷ ಅದನ್ನ ಬದಲಾಯ್ಸೋದೂ ಮರೆತಿದಾರೆ.

ಸರಿ ನೋಡೇ ಬಿಡೋಣ ಅಂತ ಹೋದ ಭಾನುವಾರ ಸ್ಕೂಟಿಲಿ ಆ ಊರಿಗೆ ಹೋಗ್ಬಂದೆ, ಕ್ಯಾಂಪ್ ಮುಗಿದು ಎಂಟು ತಿಂಗಳಾಗಿತ್ತು. 11 ಗುಂಡೀಲಿ ನೀರು ಇಂಗ್ತಿರೋದು 4. ಮಿಕ್ಕಿದ್ದೆಲ್ಲ ಬೂದಿ, ಅನ್ನದಗುಳು, ಕೂದಲು ಸೇರ್ಕೊಂಡು ಕಟ್ಟಿ ಮೇಲೆಲ್ಲ ಗಲೀಜು ನೀರು. ಜಗಲಿ ಮೇಲಿದ್ದ ಒಬ್ರು ಅಜ್ಜಿ "ನಿಮ್ ಹುಡುಗ್ರು ತೋಡೋಗಿದ್ದಾ ಇದು? ಮೊದ್ಲು ನೀರು ರಸ್ತೇಲಿ ಹರ್ಕೊಂಡಾದ್ರೂ ಹೋಗ್ತಿತ್ತು ಕಣವ್ವ, ಈಗ ಇಲ್ಲೇ ನಿಂತು ಸೊಳ್ಳೆ" ಅಂದ್ರು. ಅಂದು, ಒಳಗ್ ಹೋಗಿ ಕಾಫಿ ಮಾಡ್ಕೊಂಡ್ ಬಂದ್ರು. ಕುಡಿದು ಎದ್ದು ಬಂದೆ, ಬಾಯೇ ಬರ್ಲಿಲ್ಲ.

ಇದನ್ನ ರಿಪೋರ್ಟಲ್ಲಿ ಬರೀಬೇಕಾ? ಬರೆದ್ರೂ ಹೆಂಗ್ ಬರೀಬೇಕು? ಬರೋ ಸಲಕ್ಕಾದ್ರೂ ಮೊದಲಿಂದ ಏನ್ ಅಳತೆ ಇಟ್ಕೋಬೇಕು? ಅನುಭವ ಇರೋರು ಹೇಳಿ ಪ್ಲೀಸ್.

ಹಾವೇರಿ_ಮಾಸ್ತರ:
ಮೇಡಂರ, ಎಂಟ್ ತಿಂಗಳಾದಮ್ಯಾಲೆ ಊರಿಗೆ ತಿರುಗಿ ಹೋಗಿ ಗುಂಡಿ ಎಣಿಸಿದ ಪಿಓಗಳನ್ನ ನನ್ನ ಸರ್ವಿಸಿನಾಗ ಇಬ್ಬರನ್ನ ಅಷ್ಟ ನೋಡೇನಿ. ಆ ಇಬ್ಬರಾಗ ನಾ ಇಲ್ಲ. ನನಗ ಬುದ್ಧಿ ಬಂದಿದ್ದು ರಿಟೈರ್ಡ್ ಆಗಾಕ ಮೂರು ವರ್ಷ ಇದ್ದಾಗ.

ನೋಡ್ರಿ, ನಮ್ಮ ಲೆಕ್ಕದ ಪುಸ್ತಕ ಹುಟ್ಟಿದ್ದ ಹುಡುಗರ ಸಲುವಾಗಿ. 1969ರ ಸೆಪ್ಟೆಂಬರ್ 24ಕ್ಕ, ಗಾಂಧಿ ಶತಮಾನೋತ್ಸವದ ವರ್ಷ, 37 ಯೂನಿವರ್ಸಿಟಿಯೊಳಗ 40,000 ಹುಡುಗರನ್ನ ತಗೊಂಡು ಎನ್ನೆಸ್ಸೆಸ್ ಚಾಲೂ ಮಾಡಿದ್ರು, ಸೇವಾ ಮಾಡಕೋಂತ ವಿದ್ಯಾರ್ಥಿ ವ್ಯಕ್ತಿತ್ವ ಬೆಳೀಲಿ ಅಂತ. ಹಂಗಾಗಿ ವರ್ಷಕ್ಕ 120 ತಾಸು, ಎರಡು ವರ್ಷಕ್ಕ 240, ಮ್ಯಾಲೊಂದು ಏಳ್ ದಿನದ ಕ್ಯಾಂಪು, ಇಷ್ಟು ಮುಗಿಸಿದ್ರ ಸರ್ಟಿಫಿಕೇಟ್. ರಜಿಸ್ಟರಿನಾಗ ತಾಸಿಗೆ ಕಾಲಂ ಐತಿ, ಅಜ್ಜಿ ಮನಿ ಮುಂದಿನ ಸೊಳ್ಳಿಗೆ ಕಾಲಂ ಇಲ್ಲ. ಘೋಷಣಾ ನೋಡಿದ್ರ "ನನಗಲ್ಲ ನಿನಗೆ", ಲೆಕ್ಕ ನೋಡಿದ್ರ ಎಲ್ಲಾ ನಮ್ದ.

ನಾ ಕಡೀಗೆ ಮಾಡಿದ್ದು ಹೇಳ್ತೀನಿ. 200 ಪುಟದ ಒಂದ್ ನೋಟ್‌ಬುಕ್. ಕ್ಯಾಂಪಿಗೆ ಒಂದ್ ತಿಂಗಳ ಮೊದಲ 20 ಮನಿಗೆ ಹೋಗಿ ನಾಲ್ಕ ಪ್ರಶ್ನೆ. ಬಚ್ಚಲ ನೀರು ಎಲ್ಲಿ ಹೊಕ್ಕೈತಿ, ಕುಡಿಯೋ ನೀರು ಎಲ್ಲಿಂದ ತರ್ತೀರಿ, ಹಿಂದಿನ ತಿಂಗಳು ಮನ್ಯಾಗ ಯಾರಿಗರೆ ಜ್ವರ ಬಂದಿತ್ತೇನು, ಊರಿಗೆ ಮೊದಲ ಏನಾಗಬೇಕು. ನಾವು ಕೈ ಹಚ್ಚದ ಇನ್ನೊಂದ್ ಓಣಿಯೊಳಗಿನ ಹತ್ ಮನಿಗೂ ಅದ ಪ್ರಶ್ನೆ. ಮಳಿಗಾಲ ಮುಗದಮ್ಯಾಲೆ ಅವ 30 ಮನಿಗೆ ತಿರುಗಿ ಹೋಗೂದು. ಅಷ್ಟ. ಸಾಫ್ಟ್‌ವೇರ್ ಇಲ್ಲ, ಏನಿಲ್ಲ.

ಅದರಿಂದ ತಿಳದಿದ್ದೇನಂದ್ರ ನಮ್ಮದು ಎರಿ ಮಣ್ಣು, ನೀರು ಇಂಗೂದ ಇಲ್ಲ, ಹಿಂದಿನ ಮೂರು ಕ್ಯಾಂಪಿನಾಗ ತೆಗದ ಗುಂಡಿ ಎಲ್ಲಾ ಕೊಳಚಿ ಹೊಂಡ ಆಗಿದ್ವು. ಮರು ವರ್ಷ ಗುಂಡಿ ತೆಗಿಯೂದು ಬಿಟ್ಟು ಬಚ್ಚಲ ನೀರನ್ನ ಹಿತ್ತಲದ ಬಾಳಿಗಿಡಕ್ಕ ತಿರುಗಿಸಿದ್ವಿ. ಹಳೇ ಗುಂಡಿ ಹಾಳಾಗಿದ್ದನ್ನೂ ರಿಪೋರ್ಟಿನಾಗ ಬರದೆ, ನೋಡಾಕ ಬಂದ ನ್ಯಾಕ್ ಪೀರ್ ಟೀಮಿನವರು ಹದಿನೈದ್ ನಿಮಿಷ ಅದ ಪುಟ ಹಿಡಕೊಂಡು ಕೂತಿದ್ರು. ಸಸಿಗೂ ಇದ ಮಾತು, ಹಚ್ಚಿದ್ದು ಲೆಕ್ಕ ಅಲ್ರಿ, ಎರಡನೇ ಬ್ಯಾಸಗಿ ದಾಟಿದ್ದು ಲೆಕ್ಕ.

ಸರ್ವೆ_ಹುಡುಗಿ:
ಮೈಸೂರಲ್ಲಿ ಒಂದು ಎನ್‌ಜಿಒದಲ್ಲಿ ಇದೇ ಕೆಲಸ ಮಾಡ್ತೀನಿ, ಅಂದ್ರೆ ಬೇರೆಯವ್ರ ಪ್ರಾಜೆಕ್ಟ್‌ಗಳು ಆದ್ಮೇಲೆ ಹೋಗಿ ಏನಾಯ್ತು ಅಂತ ಕೇಳ್ಕೊಂಡ್ ಬರೋದು. ಮಾಸ್ತರು ಹೇಳಿದ ಆ ಹತ್ ಮನೆ ಇದ್ಯಲ್ಲ, ಅದೇ ಇಡೀ ವಿಷಯದ ತಿರುಳು. ಪಕ್ಕದ ಬೀದೀಲಿ ಪಂಚಾಯ್ತಿಯವ್ರು ನರೇಗಾದಲ್ಲಿ ಗುಂಡಿ ಮಾಡಿಸಿದ್ರೆ ಅಲ್ಲೂ ಸೊಳ್ಳೆ ಕಮ್ಮಿ ಆಗಿರುತ್ತೆ, ಆಗ ಇದೆಲ್ಲ ನಮ್ ಕ್ಯಾಂಪಿಂದ್ಲೇ ಆಯ್ತು ಅಂತ ಬರ್ಕೊಂಡ್ರೆ ಸುಳ್ಳಾಗುತ್ತೆ.

ಮೇಡಂ, ನಿಮ್ 86 ಅನ್ನೋ ನಂಬರ್ ನೋಡಿ. ಅದು ನೀವು ಪಟ್ಟ ಶ್ರಮದ ಲೆಕ್ಕ, ಊರಿಗೆ ಆಗಿದ್ದರ ಲೆಕ್ಕ ಅಲ್ಲ. 86ರಲ್ಲಿ ಎಷ್ಟ್ ಜನಕ್ಕೆ ಪೊರೆ ಇದೆ ಅಂತ ಡಾಕ್ಟ್ರು ಬರೆದ್ರು, ಅದ್ರಲ್ಲಿ ಎಷ್ಟ್ ಜನ ಆಪರೇಷನ್ ಮಾಡಿಸ್ಕೊಂಡ್ರು, ಹೋಗ್ದೇ ಇರೋರು ಯಾಕೆ ಹೋಗ್ಲಿಲ್ಲ. ಈ ಮೂರನೇದು ಕೇಳಿದ್ರೆ ಸಾಮಾನ್ಯವಾಗಿ ದುಡ್ಡಿನ್ ಮಾತು ಬರಲ್ಲ, ಜೊತೆಗೆ ಬರೋರಿಲ್ಲ, ಎರಡ್ ದಿನ ಹಸು ಹಾಲು ಕರೆಯೋರಿಲ್ಲ ಅಂತಾರೆ. ಇಬ್ರು ವಾಲಂಟಿಯರ್ಸ್ ಆಸ್ಪತ್ರೆಗೆ ಜೊತೆಗೆ ಹೋದ್ರೆ ಮುಗೀತು, ನಿಮ್ಮ ಮುಂದಿನ್ ಪ್ರೋಗ್ರಾಂ ಅದೇ. ರಕ್ತದಾನ ಶಿಬಿರಕ್ಕೂ ಹಂಗೇ, ಎಷ್ಟು ಯೂನಿಟ್ ಅನ್ನೋದರ ಜೊತೆ ಎಷ್ಟ್ ಜನ ಮೊದಲ್ನೇ ಸಲ ಕೊಟ್ರು, ಅವ್ರಲ್ಲಿ ಎಷ್ಟ್ ಜನ ಮತ್ತೆ ಬಂದ್ರು (ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಗ್ಯಾಪ್ ಬೇಕು) ಅಂತ ಒಂದ್ ಪಟ್ಟಿ ಇಟ್ಕೊಳ್ಳಿ. ಪೇಷಂಟ್‌ಗಳ ಮುಖ, ಹೆಸರು, ಫೋನ್ ನಂಬರ್ ಮಾತ್ರ ರಿಪೋರ್ಟಿಗೆ ಹಾಕ್ಬೇಡಿ, ಎಷ್ಟೋ ಕಾಲೇಜು ಪೂರ್ತಿ ಲಿಸ್ಟನ್ನ ವೆಬ್‌ಸೈಟಿಗೇ ಏರಿಸಿಬಿಟ್ಟಿರ್ತಾರೆ.

ಇನ್ನೊಂದು, ನಿಮ್ ಕಾಲೇಜು ಉನ್ನತ ಭಾರತ ಅಭಿಯಾನಕ್ಕೆ ಸೇರಿದ್ಯಾ? 2014ರಲ್ಲಿ ಶುರುವಾಗಿದ್ದು, ಸೇರಿದ ಕಾಲೇಜು ಐದು ಹಳ್ಳಿ ದತ್ತು ತಗೊಂಡು ಮನೆ ಮನೆ ಸರ್ವೆ ಮಾಡ್ಬೇಕು. ಮಾಡಿದ್ರೆ ಆ ಫಾರಂಗಳು ಯಾವ್ದೋ ಬೀರೂಲಿ ಬಿದ್ದಿರುತ್ತೆ, ಕ್ಯಾಂಪ್ ಊರು ಅದ್ರಲ್ಲಿದ್ರೆ ಕ್ಯಾಂಪ್‌ಗೆ ಮುಂಚಿನ ಸ್ಥಿತಿ ನಿಮಗೆ ಪುಕ್ಕಟೆ ಸಿಕ್ಕಂಗೆ.

ಸುಮ್ನಿರಯ್ಯ:
ಎಲ್ಲಾ ಚೆನ್ನಾಗಿದೆ, ಆದ್ರೆ 11ರಲ್ಲಿ 7 ಫೇಲು ಅಂತ ಬರ್ಕೊಟ್ರೆ ಪ್ರಿನ್ಸಿಪಾಲ್ರು ಸೈನ್ ಹಾಕ್ತಾರಾ? ನಮ್ಮಲ್ಲಂತೂ ಹಾಕಲ್ಲ. ನ್ಯಾಕ್ ಮೂರನೇ ಕ್ರೈಟೀರಿಯಾದಲ್ಲಿ ಒಂದ್ ಕಡೆ ಎಷ್ಟ್ ಎಕ್ಸ್‌ಟೆನ್ಷನ್ ಪ್ರೋಗ್ರಾಂ (ಕಾಲೇಜಿಂದಾಚೆ ಜನರ ಮಧ್ಯೆ ಮಾಡೋ ಕೆಲಸ) ಅಂತ ಬರೀ ನಂಬರ್ ಕೇಳ್ತಾರೆ, ಅದಕ್ಕೇ ಎಲ್ರೂ ಒಂದೇ ಜಾಥಾನ ಸ್ವಚ್ಛತೆ, ಮತದಾನ, ಏಡ್ಸ್ ಅಂತ ಮೂರ್ ಬ್ಯಾನರ್ ಹಿಡಿದು ಮೂರ್ ಪ್ರೋಗ್ರಾಂ ಮಾಡೋದು. ನಾನೂ ಮಾಡಿದೀನಿ, ಸುಳ್ಳ್ಯಾಕೆ ಹೇಳ್ಲಿ. ಹಳ್ಳಿಗೆ ತಿರುಗಿ ಹೋಗೋದಕ್ಕೆ ಓಓಡಿ (ಡ್ಯೂಟಿ ಲೆಕ್ಕದ ರಜೆ) ಕೊಡ್ತಾರಾ, ಪೆಟ್ರೋಲ್ ಯಾರ್ ಹಾಕ್ತಾರೆ?

ಸರ್ವೆ_ಹುಡುಗಿ:
@ಸುಮ್ನಿರಯ್ಯ ಅದೇ ಕ್ರೈಟೀರಿಯಾದಲ್ಲಿ ಬರಹದಲ್ಲಿ ಉತ್ತರ ಕೊಡೋ ಪ್ರಶ್ನೆನೂ ಇದ್ಯಲ್ಲ ಸರ್, ಸುತ್ತಲಿನ ಜನರ ಮಧ್ಯೆ ಏನ್ ಮಾಡಿದ್ರಿ, ಹುಡುಗ್ರಿಗೆ ಸಾಮಾಜಿಕ ವಿಷಯಗಳ ಅರಿವು ಹೆಂಗ್ ಬಂತು, ಅದರ ಇಂಪ್ಯಾಕ್ಟ್ ಏನು ಅಂತ. ಗುಂಡಿ ಯಾಕ್ ಕಟ್ಕೊಂತು ಅಂತ ಹುಡುಗ್ರೇ ಹೋಗಿ ಕಂಡುಹಿಡಿದ್ರೆ ಅದಕ್ಕಿಂತ ಅರಿವು ಯಾವ್ದಿದೆ? ಪೆಟ್ರೋಲ್ ವಿಷಯ ಮಾತ್ರ ನೀವ್ ಹೇಳಿದ್ದು ಸರಿ, ಅದಕ್ಕೆ ನನ್ನತ್ರ ಉತ್ತರ ಇಲ್ಲ.

ನಾಗಮಂಗಲ_ಮೆಂಬರ್ರು:
ಕಾಲೇಜೋರು ಮಾತಾಡ್ತಿದೀರಿ, ಹಳ್ಳಿಯೋರು ಒಬ್ರೂ ಇಲ್ವಲ್ಲ ಅಂತ ಬರೀತಿದೀನಿ. ನಾನು ಗ್ರಾಮ ಪಂಚಾಯ್ತಿ ಮೆಂಬರ್ರಾಗಿದ್ದೆ. ನಮ್ಮೂರು ರೋಡ್ ಪಕ್ಕ, ಬಸ್ ಅನುಕೂಲ, ಶಾಲೇಲಿ ರೂಮಿದೆ, ಅದಕ್ಕೆ ಎಲ್ಲಾ ಕಾಲೇಜೂ ನಮ್ಮೂರಿಗೇ ಬರೋದು. ಆರು ಕಿಲೋಮೀಟ್ರು ಒಳಗಿರೋ ಊರಿಗೆ ಯಾರೂ ಹೋಗಲ್ಲ. ಮೂರ್ ಕಾಲೇಜೋರು ಬಂದು ನಮ್ಮನೇಲಿ ಶೌಚಾಲಯ ಇದ್ಯಾ ಅಂತ ಕೇಳ್ಕೊಂಡೋದ್ರು, ಮೂರನೇ ಸಲ ನಮ್ಮವ್ವ "ಹೋದ್ಸಲ ಹೇಳ್ದಾಗ್ಲೂ ಇತ್ತು, ಎಲ್ಲೋಗ್ತದೆ ಅದು" ಅಂತ ಬೈದು ಕಳ್ಸಿದ್ಲು. ಬರ್ಕೊಂಡೋಗಿದ್ನ ಯಾರೂ ತಿರುಗ ತಂದು ತೋರಿಸಿಲ್ಲ. ಒಂದ್ ಕೆಲ್ಸ ಮಾಡಿ, ರಿಪೋರ್ಟನ್ನ ಗ್ರಾಮಸಭೇಲಿ ಓದಿ. ಸುಳ್ಳಿದ್ರೆ ಅಲ್ಲೇ ಗೊತ್ತಾಗ್ತದೆ.

ಮತ್ತೆ ನಿಜವಾಗ್ಲೂ ಉಪಯೋಗ ಆಗಿದ್ದು ಯಾವ್ದು ಗೊತ್ತಾ. ಒಂದ್ ಕ್ಯಾಂಪಲ್ಲಿ ಇಬ್ರು ಹೆಣ್ಮಕ್ಳು, ಮಳೆ ಬಂದು ಶ್ರಮದಾನ ನಿಂತೋಗಿತ್ತು, ಸುಮ್ನೆ ಅರಳೀಕಟ್ಟೆ ಪಕ್ಕದ್ ಮನೆ ಜಗಲೀಲಿ ಕೂತು ವಯಸ್ಸಾದೋರ್ದು ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿ ತುಂಬ್ಕೊಟ್ರು, ಆಧಾರಲ್ಲಿ ಹೆಸ್ರು ಒಂದ್ ಥರ ರೇಷನ್ ಕಾರ್ಡಲ್ಲಿ ಒಂದ್ ಥರ ಇದ್ದೋರ್ನ ಬೇರೆ ಪಟ್ಟಿ ಮಾಡಿ ನಾಡಕಚೇರಿಗೂ ಅವ್ರೇ ಕರ್ಕೊಂಡೋದ್ರು. ಏಳ್ ಜನಕ್ಕೆ ಪಿಂಚಣಿ ಬಂತು. ಆ ಕಾಲೇಜಿನ ರಿಪೋರ್ಟು ಆಮೇಲೆ ನಾನೇ ನೋಡಿದೆ, ಜಾಥಾ ಇದೆ, ಸಸಿ ಇದೆ, ಇದೊಂದು ಅಕ್ಷರ ಇಲ್ಲ. ಫೋಟೋ ತೆಗ್ದಿರ್ಲಿಲ್ವಲ್ಲ.

ತಿಪಟೂರು_ಮೇಡಂ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೆಂಬರ್ರು ಹೇಳಿದ್ ಓದಿ ಇವತ್ತು ಕ್ಲಾಸಲ್ಲಿ ಹುಡುಗ್ರನ್ನ ಕೇಳಿದೆ, ಕ್ಯಾಂಪಲ್ಲಿ ಪ್ರೋಗ್ರಾಂ ಲಿಸ್ಟಲ್ಲಿ ಇಲ್ದೇ ಇರೋದು ಏನಾದ್ರೂ ಮಾಡಿದ್ರಾ ಅಂತ. ಒಬ್ಳು ಎದ್ದು, ಅಲ್ಲಿ ಒಂದು ಹುಡುಗಿ ಹತ್ತನೇ ಕ್ಲಾಸ್ ಬಿಟ್ಟು ಮನೇಲಿದ್ಲು, ಅವಳಿಗೆ ಫಾರಂ ಕಟ್ಟಿಸಿದ್ವಿ, ಪಾಸಾಗಿದಾಳೆ ಮೇಡಂ, ನಮ್ ಕಾಲೇಜ್ ಪಕ್ಕದ ಪಿಯುಗೇ ಬರ್ತಿದಾಳೆ ಅಂದ್ಲು. ನನಗೇ ಗೊತ್ತಿರ್ಲಿಲ್ಲ.

ಐಕ್ಯೂಎಸಿ ಸರ್‌ಗೆ ಎರಡ್ ಪೇಜ್ ಕೊಡ್ತೀನಿ ಅಂದಿದೀನಿ, ಒಂದ್ರಲ್ಲಿ ಅವ್ರು ಕೇಳಿದ್ ನಂಬರ್ರು, ಇನ್ನೊಂದ್ರಲ್ಲಿ ಎಂಟು ತಿಂಗಳಾದ್ಮೇಲೆ ಏನಿತ್ತು ಅನ್ನೋದು. "ಎರಡನೇದು ಬೇಕಾ ಮೇಡಂ" ಅಂದ್ರು, ಬೇಡ ಅಂತೂ ಅನ್ಲಿಲ್ಲ. ಪೊರೆ ಲಿಸ್ಟ್ ಕೇಳೋದಕ್ಕೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೀನಿ, ನೋಡ್ಬೇಕು.

ಈ ಭಾನುವಾರ ಎಂಟ್ ಜನ ಹುಡುಗ್ರು ಬರ್ತೀವಿ ಅಂದಿದಾರೆ, ಅಜ್ಜಿ ಮನೆ ಗುಂಡಿಯಿಂದ ಶುರು. ಕಲ್ಲೆಲ್ಲ ತೆಗೆದು ತೊಳೆದು ಮತ್ತೆ ಜೋಡಿಸ್ಬೇಕಾ, ಇಲ್ಲ ಹೊಸದೇ ತೋಡ್ಬೇಕಾ?

ಹಾವೇರಿ_ಮಾಸ್ತರ:
ನಿಮ್ಮ ಕಡೆ ಕೆಂಪು ಮಣ್ಣು, ಹೊಸಾದು ಬ್ಯಾಡ್ರಿ. ಕಲ್ಲು ತೆಗದು ತೊಳದು ದೊಡ್ಡವು ಕೆಳಗ, ಸಣ್ಣವು ಮ್ಯಾಲೆ ಹಾಕ್ರಿ. ನೀರು ಬೀಳೂ ಕಡೆ ತಳಕ್ಕ ತೂತು ಹೊಡದ ಒಂದ್ ಮಡಿಕಿ ಇಟ್ಟು ಅದರಾಗ ತೆಂಗಿನ ನಾರು ತುಂಬ್ರಿ, ಬೂದಿ ಅಗುಳು ಅಲ್ಲೇ ನಿಂದರತೈತಿ. ನಿಮ್ಮೂರಾಗ ನಾರಿಗೇನ್ ಬರಗಾಲ ಇಲ್ಲಲ್ಲ. ತಿಂಗಳಿಗೊಮ್ಮಿ ನಾರು ಬದಲಿ ಮಾಡೋದು ಅಜ್ಜಿ ಕೈಲೆ ಆಗತೈತೇನು ಅಂತ ಕೇಳಿ ಬರ್ರಿ.