ಪುಟ್ಟಿ ಹೋಗಲಿರುವ ರಾಚೆಸ್ಟರಿನ ಬಗ್ಗೆ ದೊಡ್ಡಪ್ಪನ ಉತ್ತರ

ಪುಟ್ಟಿಗೆ ಅಮೆರಿಕದ ರಾಚೆಸ್ಟರಿನ ಆರ್‌ಐಟಿ ಎಂಬ ತಾಂತ್ರಿಕ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಊರು ನ್ಯೂಯಾರ್ಕಿಗೆ ಹತ್ತಿರವೇ, ಅಷ್ಟು ಹಿಮದಲ್ಲಿ ಹುಡುಗಿ ಹೇಗಿರುತ್ತಾಳೆ ಎಂದು ಬೆಳಿಗ್ಗೆ ಕೇಳಿದ್ದೀಯಮ್ಮ. ರಾಜ್ಯದ ಹೆಸರು ನ್ಯೂಯಾರ್ಕ್, ಅಷ್ಟೇ. ಆ ಮಹಾನಗರದಿಂದ ಇದು ರಸ್ತೆಯಲ್ಲಿ ಸುಮಾರು 530 ಕಿಲೋಮೀಟರ್ ದೂರ, ಒಂಟಾರಿಯೊ ಸರೋವರದ ದಕ್ಷಿಣ ದಡದಲ್ಲಿದೆ. ನಾವು ಅಲ್ಲಿ ಸಂಸಾರ ಹೂಡಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ನಗರದಲ್ಲಿ ಎರಡು ಲಕ್ಷಕ್ಕೆ ತುಸು ಮೇಲ್ಪಟ್ಟು ಜನರಿದ್ದಾರೆ. ಸುತ್ತಲಿನ ಟೌನುಗಳೂ ಸೇರಿದ ಮನ್ರೋ ಕೌಂಟಿಯಲ್ಲಿ 2020ರ ಗಣತಿಯಂತೆ ಏಳೂವರೆ ಲಕ್ಷ ದಾಟುತ್ತದೆ. ಆಗ ಕ್ಯಾಮೆರಾ, ಫಿಲ್ಮ್ ತಯಾರಿಸುವ ಕೊಡಾಕ್ ಕಂಪನಿ ಎಂದರೆ ಊರು, ಊರೆಂದರೆ ಕೊಡಾಕ್. 1982ರಲ್ಲಿ ಅಲ್ಲಿ 60,000 ಮಂದಿ ದುಡಿಯುತ್ತಿದ್ದರು. 2012ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಈಗ ಅತಿ ಹೆಚ್ಚು ಜನರಿಗೆ ಕೆಲಸ ಕೊಡುತ್ತಿರುವುದು ರಾಚೆಸ್ಟರ್ ವಿಶ್ವವಿದ್ಯಾಲಯ.

ಸರೋವರದ ದೆಸೆಯಿಂದ ವರ್ಷಕ್ಕೆ ನೂರು ಇಂಚಿನ ಆಸುಪಾಸು ಹಿಮ ಬೀಳುತ್ತದೆ, ಆದರೆ ಅದನ್ನು ಬಳಿದುಹಾಕುವ ಯಂತ್ರಗಳಿವೆ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬಿದ್ದಲ್ಲೇ ಗಾಜಿನಂತೆ ಹೆಪ್ಪುಗಟ್ಟುವ ಮಳೆಗೆ. 1991ರ ಮಾರ್ಚ್ 3ರ ರಾತ್ರಿ ಅಂಥ ಮಳೆ ಸುರಿದು, ರಾತ್ರಿಯಿಡೀ ಮರಗಳು ಮುರಿದು ತಂತಿಗಳ ಮೇಲೆ ಬಿದ್ದವು, ಕೆಲವು ಬೀದಿಗಳಿಗೆ ಎರಡು ವಾರದ ಹತ್ತಿರ ಕರೆಂಟೇ ಬರಲಿಲ್ಲ. ಅಲ್ಲಿ ಮನೆ ಬೆಚ್ಚಗಾಗುವುದು ಗ್ಯಾಸಿನಿಂದಾದರೂ, ಆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನು ಕರೆಂಟಿನದು. ನಮ್ಮ ಕೆಳಗಿನ ಬಾಡಿಗೆಯ ದಂಪತಿ ಚಳಿ ತಾಳಲಾರದೆ ಅಂಗಳದ ಇದ್ದಿಲಿನ ಒಲೆಯನ್ನು ಒಳಗೆ ತಂದು ಹೊತ್ತಿಸಿ, ಬಾಗಿಲು ಮುಚ್ಚಿ ಮಲಗಿದ್ದರು. ನಿನ್ನ ದೊಡ್ಡಮ್ಮ ಬೆಂಕಿಪೆಟ್ಟಿಗೆ ಕೇಳಲು ಕೆಳಗಿಳಿದದ್ದರಿಂದ ಅವರು ಉಳಿದರು. ಬಾಗಿಲು ತೆರೆದ ಗಂಡಸಿಗೆ ನಿಲ್ಲಲು ಆಗುತ್ತಿರಲಿಲ್ಲ, ಆಕೆಗೆ ಪ್ರಜ್ಞೆಯೇ ಇರಲಿಲ್ಲ. ಇದ್ದಿಲು ಉರಿದಾಗ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಷ್ಟೇ ಚಳಿಯಿದ್ದರೂ ಮನೆಯೊಳಗೆ ಇದ್ದಿಲು ಹೊತ್ತಿಸಕೂಡದೆಂದು ಪುಟ್ಟಿಗೆ ಹೇಳು.

ಆ ದಿನಗಳಲ್ಲಿ ನಮ್ಮ ಮನೆತನದ ಒಬ್ಬರೂ ಬದುಕಿದ್ದೀರಾ ಎಂದು ಕೇಳಲಿಲ್ಲ. ಆಮೇಲೆ ನಯಾಗರಾ ನೋಡಲು ಮಾತ್ರ ಸಾಲುಸಾಲಾಗಿ ಬಂದರು. ಅಲ್ಲಿಂದ ನಮ್ಮ ಮನೆಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ನಿನ್ನ ದೊಡ್ಡಮ್ಮ ಬಿಸಿಬೇಳೆಬಾತ್ ಮಾಡಿ ಕಾದಳು, ಅವರು ನಯಾಗರಾ ಬಳಿಯ ಬಫಲೋ ಊರಿನ ಹೋಟೆಲಿನಿಂದಲೇ ಹಿಂದಿರುಗಿದರು. ನಮ್ಮೂರ ನಡುವೆಯೂ ಜೆನೆಸೀ ನದಿ 96 ಅಡಿ ಧುಮುಕುತ್ತದೆ, ಅದನ್ನು ತೋರಿಸುತ್ತಿದ್ದೆ, ಪಿಟ್ಸ್‌ಫರ್ಡಿನ ದೇವಸ್ಥಾನಕ್ಕೂ ಕರೆದೊಯ್ಯುತ್ತಿದ್ದೆ. ಹೆಸರು ಹೇಳುವುದಿಲ್ಲ, ಈ ಗ್ರೂಪಿನಲ್ಲಿಯೇ ಇದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ.

ಇನ್ನೊಮ್ಮೆ ಹೇಳುತ್ತೇನೆ, ಒಳಗೆ ಇದ್ದಿಲು ಬೇಡ. ಆ ಅನಿಲವನ್ನು ಹಿಡಿಯುವ ಅಲಾರಂ ಮನೆಗಳಲ್ಲಿರಬೇಕೆಂದು 2010ರಿಂದ ಆ ರಾಜ್ಯದ ಕಾನೂನೇ ಇದೆ, ಕೋಣೆ ಹಿಡಿಯುವಾಗ ಅವಳು ಕೇಳಿ ನೋಡಲಿ.

ಅಂದಹಾಗೆ ಮುಖ್ಯವಾದದ್ದನ್ನು ಹೇಳಲೇ ಇಲ್ಲ: ವಿಳಾಸದಲ್ಲಿ ರಾಚೆಸ್ಟರ್ ಎಂದಿದ್ದರೂ ಆರ್‌ಐಟಿ ಇರುವುದು ನಗರದ ದಕ್ಷಿಣಕ್ಕಿರುವ ಹೆನ್ರಿಯೆಟ್ಟಾ ಎಂಬ ಬೇರೆ ಟೌನಿನಲ್ಲಿ, ಆದ್ದರಿಂದ ನಗರದ ನಡುವೆ ಮನೆಗೆ ಮುಂಗಡ ಕೊಡದೆ ಕಾಲೇಜಿನ ಸಮೀಪವೋ ಬಸ್ಸಿನ ದಾರಿಯಲ್ಲೋ ಹುಡುಕಿರಿ, ಬಿಸಿಗಾಳಿಯ ಖರ್ಚು ಬಾಡಿಗೆಯಲ್ಲೇ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿರಿ. ವಿಮಾನದ ಟಿಕೆಟನ್ನು ನ್ಯೂಯಾರ್ಕ್ ನಗರದ ನಿಲ್ದಾಣವಾದ ಜೆಎಫ್‌ಕೆಗೆ ಮುಗಿಸದೆ ರಾಚೆಸ್ಟರಿನ ನಿಲ್ದಾಣದವರೆಗೂ ತೆಗೆಸಿರಿ.