ಪ್ರಶ್ನೋತ್ತರ: ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಕ್ಲಬ್ಬಿನಲ್ಲಿ ಭವಿಷ್ಯವಿದೆಯೇ?

ಪ್ರಶ್ನೆ (ಉಪನ್ಯಾಸಕಿ, ಮೈಸೂರು): ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳಿಗೆ ಬೆಂಗಳೂರಿನ ಹಳೆಯ ಕ್ಲಬ್ಬೊಂದರಲ್ಲಿ ತರಬೇತಿಗೆ ಅವಕಾಶ ಸಿಕ್ಕಿದೆ. ಪಂಚತಾರಾ ಹೋಟೆಲ್ ಬಿಟ್ಟು ಅಲ್ಲಿಗೇಕೆ ಎಂದು ಪೋಷಕರು ಕೇಳುತ್ತಿದ್ದಾರೆ. ಕ್ಲಬ್ ನಿರ್ವಹಣೆಯನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳಬಹುದೇ? ಪಠ್ಯದಲ್ಲಿ ಇಲ್ಲದ ಏನನ್ನು ಕಲಿಸಿ ಕಳುಹಿಸಲಿ?

ಉತ್ತರ (ನಿವೃತ್ತ ಕ್ಲಬ್ ಕಾರ್ಯದರ್ಶಿ): ಧಾರಾಳವಾಗಿ ಕಳುಹಿಸಿ ಮೇಡಂ. ಕಾರ್ಯದರ್ಶಿಯ ಕುರ್ಚಿ ಬಹುಕಾಲ ನಿವೃತ್ತ ಸೇನಾಧಿಕಾರಿಗಳಿಗೆ ಮೀಸಲು ಎಂಬಂತಿತ್ತು. ಈಗ ಅಡುಗೆಮನೆ, ಕೊಠಡಿ, ಬಾರ್ ಮೂರನ್ನೂ ಬಲ್ಲವರಿಗೂ ಅಲ್ಲಿ ಜಾಗವಿದೆ.

ಆದರೆ ಹೋಟೆಲಿನಲ್ಲಿ ಪಳಗಿದ ಹುಡುಗರು ಎಡವುವುದು ಒಂದೇ ಕಡೆ. ಹೋಟೆಲಿನ ಅತಿಥಿ ಹಣ ಕೊಟ್ಟು ಹೊರಡುತ್ತಾನೆ. ಕ್ಲಬ್ಬಿನಲ್ಲಿ ಊಟಕ್ಕೆ ಕುಳಿತ ಸದಸ್ಯರೇ ಮಾಲೀಕರು. ಇಂದು ಸಾರು ತಣ್ಣಗಿದೆ ಎಂದವರು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಅಡುಗೆಮನೆಯ ಖರ್ಚಿನ ಲೆಕ್ಕ ಕೇಳುತ್ತಾರೆ. ಹಾಗೆಂದು ಪ್ರತಿಯೊಬ್ಬ ಮಾಲೀಕನ ಮಾತೂ ಆಜ್ಞೆಯಲ್ಲ. ಸಮಿತಿ ಕೂತು ನಿರ್ಣಯಿಸಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಮಾತ್ರ ಆಜ್ಞೆ. ಸಮಿತಿ ಸದಸ್ಯರೊಬ್ಬರು ಫೋನು ಮಾಡಿ, ‘ಶನಿವಾರ ಹುಲ್ಲುಹಾಸನ್ನು ನನ್ನ ಅಳಿಯನ ಪಾರ್ಟಿಗೆ ಬಿಟ್ಟುಕೊಡಿ’ ಎಂದರೆ ಅವರ ಮುಖ ಕೆಡದಂತೆ ಆಗದು ಎನ್ನಬೇಕು. ಈ ವಿದ್ಯೆಗೆ ಹೋಲಿಸಿದರೆ ನ್ಯಾಪ್ಕಿನ್ ಮಡಚುವುದು ಸುಲಭ.

ಆದ್ದರಿಂದ ಮೊದಲು ಬೈಲಾ ಓದಿಸಿ. ಕ್ಲಬ್ಬು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಇದೆಯೋ, ಕಂಪನಿಯಾಗಿ ಇದೆಯೋ ಎಂಬುದರ ಮೇಲೆ ಸಭೆ, ಚುನಾವಣೆ, ಲೆಕ್ಕ ಸಲ್ಲಿಕೆ ಎಲ್ಲವೂ ಬದಲಾಗುತ್ತವೆ. ಬಾರಿಗೆ ಬೇಕಾದದ್ದು ಸಿಎಲ್-4 ಸನ್ನದು, ಅಂದರೆ ಕ್ಲಬ್ಬುಗಳಿಗೆ ಕೊಡುವ ಮದ್ಯದ ಪರವಾನಗಿ. ಹೋಟೆಲಿನ ಸಿಎಲ್-7 ಅಭ್ಯಾಸ ಇಲ್ಲಿಗೆ ಹೊಂದುವುದಿಲ್ಲ.

ಇನ್ನು ತೆರಿಗೆ. ಸದಸ್ಯರು ತಾವೇ ಹಣ ಹಾಕಿ ತಾವೇ ಅನುಭವಿಸುವುದರಿಂದ ಮಿಕ್ಕಿದ್ದು ಲಾಭವಲ್ಲ ಎಂಬುದು ಪರಸ್ಪರತೆಯ ತತ್ವ. ಆದರೆ ಅದಕ್ಕೆ ಮಿತಿಯಿದೆ. ಮಿಕ್ಕ ಹಣವನ್ನು ಬೆಂಗಳೂರು ಕ್ಲಬ್ ತನ್ನಲ್ಲಿ ಸದಸ್ಯತ್ವ ಪಡೆದಿದ್ದ ಬ್ಯಾಂಕುಗಳಲ್ಲೇ ಠೇವಣಿ ಇಟ್ಟಿತ್ತು. ಅದರ ಬಡ್ಡಿಗೆ ತೆರಿಗೆ ಕಟ್ಟಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿತು. ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟೊಡನೆ ಪರಸ್ಪರತೆ ಮುರಿಯಿತು ಎಂಬುದು ಅದರ ತರ್ಕ. ಸದಸ್ಯರ ಕ್ಲಬ್ಬಿಗೆ ಸೇವಾ ತೆರಿಗೆ ಇಲ್ಲ ಎಂದು 2019ರಲ್ಲಿ ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ತೀರ್ಪು ಬಂತು. ಕ್ಲಬ್ಬು ತನ್ನ ಸದಸ್ಯರಿಗೆ ಕೊಡುವ ಸೇವೆಗೂ ತೆರಿಗೆ ಬೀಳಲೆಂದು ಸರ್ಕಾರ 2021ರಲ್ಲಿ ಜಿಎಸ್‌ಟಿ ಕಾಯ್ದೆಯನ್ನೇ 2017ರಿಂದ ಪೂರ್ವಾನ್ವಯವಾಗುವಂತೆ ತಿದ್ದಿತು; ಅದರ ಮೇಲೂ ದಾವೆಗಳಾದವು. ಈ ಜಗ್ಗಾಟದ ಎಳೆ ಹಿಡಿಯಬಲ್ಲ ಹುಡುಗನನ್ನು ಖಜಾಂಚಿಗಳು ಕೈಬಿಡುವುದಿಲ್ಲ.

ಬಾಕಿ ವಸೂಲಿಯೂ ದೊಡ್ಡ ಕೆಲಸವೇ. ವಸೂಲಾಗದ ಬಾಕಿಗಳಲ್ಲಿ ಲೆಫ್ಟಿನೆಂಟ್ ಚರ್ಚಿಲ್ (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್) ಹೆಸರಿನಲ್ಲಿ 13 ರೂಪಾಯಿ ಬೆಂಗಳೂರು ಕ್ಲಬ್ಬಿನ ಹಳೆಯ ದಾಖಲೆಯಲ್ಲಿ ಇಂದಿಗೂ ಇದೆ!

ಪ್ರಶ್ನೆ (ವಿದ್ಯಾರ್ಥಿ, ಹುಬ್ಬಳ್ಳಿ): ಸರ್, ಇದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕೇ?

ಉತ್ತರ: ಅಮೆರಿಕದಲ್ಲಿ ಕ್ಲಬ್ ವ್ಯವಸ್ಥಾಪಕರ ಸಂಘ 1927ರಿಂದಲೇ ಇದೆ. ಅದರ ‘ಸಿಸಿಎಂ’ (ಸರ್ಟಿಫೈಡ್ ಕ್ಲಬ್ ಮ್ಯಾನೇಜರ್) ಮನ್ನಣೆಗೆ ಬೆಲೆಯಿದೆ, ಆದರೆ ಅದು ಅನುಭವಸ್ಥರಿಗೆ. ನೀವು ಈಗ ಆಯವ್ಯಯ ಪತ್ರ ಓದುವುದನ್ನು ಕಲಿಯಿರಿ. ಇನ್ನೊಂದು ಮಾತು: ಅನೇಕ ಕ್ಲಬ್ಬುಗಳಲ್ಲಿ ಟಿಪ್ಸ್ ತೆಗೆದುಕೊಳ್ಳುವುದು ನಿಷಿದ್ಧ. ಸಂಬಳದ ಮಾತನಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಸದಸ್ಯರೊಬ್ಬರು): ಪಂಚೆ ಉಟ್ಟವರನ್ನು ಬಾಗಿಲಲ್ಲೇ ತಡೆಯುವುದಕ್ಕೂ ಪದವಿ ಬೇಕೇ ಸ್ವಾಮಿ?

ಉತ್ತರ: ನಿಮ್ಮ ಚುಚ್ಚುಮಾತು ನ್ಯಾಯವೇ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ (ಪಂಚೆ) ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ತಡೆಯಿತು. ಅದೇ ವರ್ಷ ತಮಿಳುನಾಡು ಅಂಥ ನಿರ್ಬಂಧದ ವಿರುದ್ಧ ಕಾನೂನು ತಂದಿತು. ಬಾಗಿಲಲ್ಲಿ ನಿಂತವನು ನಿಯಮ ಪಾಲಿಸುತ್ತಾನೆ, ಬೈಗುಳವೂ ಅವನಿಗೇ. ಹಳಸಿದ ನಿಯಮವನ್ನು ಬದಲಿಸಿ ಎಂದು ಸಮಿತಿಗೆ ಟಿಪ್ಪಣಿ ಬರೆಯಬೇಕಾದವನು ಕಾರ್ಯದರ್ಶಿ. ಆ ಟಿಪ್ಪಣಿ ಬರೆಯುವುದಕ್ಕೆ ಓದು ಬೇಕು.

ಪ್ರಶ್ನೆ (ಉಪನ್ಯಾಸಕಿ): ತರಬೇತಿಗೆ ಮುನ್ನ ತರಗತಿಯಲ್ಲಿ ಏನು ಮಾಡಿಸಲಿ?

ಉತ್ತರ: ಒಂದು ಅಣಕು ಮಹಾಸಭೆ ನಡೆಸಿ. ಅರ್ಧ ತರಗತಿ ಜಗಳಗಂಟ ಸದಸ್ಯರಾಗಲಿ, ವಿಷಯ ಚಂದಾ ಏರಿಕೆ. ಈ ಇಬ್ಬರಲ್ಲಿ ಒಬ್ಬರು ಉತ್ತರಿಸಲಿ, ಇನ್ನೊಬ್ಬರು ನಡಾವಳಿ ಬರೆಯಲಿ. ಬರೆದದ್ದನ್ನು ನನಗೆ ಕಳುಹಿಸಿ, ತಿದ್ದಿಕೊಡುತ್ತೇನೆ.