ಕ್ರಿಸ್‌ಮಸ್ ಹೊತ್ತಿನ ಲೈವ್ ಸಂಗೀತ: ಮೊದಲ ಸಲ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಕೇಳಿದ್ದು

ಡಿಸೆಂಬರ್ ಬಂತು ಅಂದರೆ ಕ್ಯಾರೋಲ್ ಹಾಡು, ಕಾಯರ್ ಗುಂಪುಗಾನ, ಬ್ಯಾಲೆ ನೃತ್ಯ ಅಂತ ಸುತ್ತಮುತ್ತ ಏನೇನೋ ನಡೆಯುತ್ತಿರುತ್ತದೆ. ಪ್ರತಿ ವರ್ಷ ಪೋಸ್ಟರ್ ನೋಡಿ ಸುಮ್ಮನಾಗುತ್ತಿದ್ದೆ. ಹೋದ ವರ್ಷ ಧೈರ್ಯ ಮಾಡಿ ಒಂದು ದೊಡ್ಡ ಕಾರ್ಯಕ್ರಮಕ್ಕೆ ಹೋದೆ. ಎಂಟು ವರ್ಷದ ಮಗಳು ಅರ್ಧ ಗಂಟೆಗೇ ಚಡಪಡಿಸಿದಳು, ಎದ್ದು ಬಂದೆವು. ನಾವು ಕ್ರೈಸ್ತರಲ್ಲ, ಈ ಸಂಗೀತದ ಪರಿಚಯವೂ ಇಲ್ಲ. ಆದರೂ ಎದುರಿಗೆ ಕೂತು ಕೇಳಬೇಕು ಅನ್ನುವ ಆಸೆ ಹೋಗಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾಯರ್‌ನಲ್ಲಿ ಹಾಡುವವರೊಬ್ಬರು

ಅಕ್ಕ, ಕ್ಯಾರೋಲ್ ಸರ್ವಿಸ್‌ನಿಂದ, ಅಂದರೆ ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ಜೊತೆ ನಡೆಯುವ ಪ್ರಾರ್ಥನೆಯಿಂದ ಶುರು ಮಾಡಿ. ಒಂದು ಓದು, ಒಂದು ಹಾಡು, ಮತ್ತೆ ಒಂದು ಓದು. ಯಾವುದೂ ತುಂಬಾ ಉದ್ದ ಇರುವುದಿಲ್ಲ, ಮಕ್ಕಳು ಬೇಸರಪಡುವ ಮೊದಲೇ ಬೇರೆ ಏನೋ ಶುರುವಾಗಿರುತ್ತದೆ. ಕ್ರೈಸ್ತರಲ್ಲ ಅನ್ನುವ ಚಿಂತೆ ಬೇಡ. ಸ್ವಲ್ಪ ಹಿಂದೆ ಕೂತುಕೊಳ್ಳಿ, ಎಲ್ಲರೂ ಎದ್ದು ನಿಂತಾಗ ನೀವೂ ನಿಲ್ಲಿ, ಅಷ್ಟೇ ಸಾಕು. ನಮ್ಮ ಕಡೆಯಿಂದ ಹೇಳುತ್ತೇನೆ, ಹೊಸ ಮುಖ ಕಂಡರೆ ಹಾಡುವವರಿಗೆ ನಿಜಕ್ಕೂ ಖುಷಿ.

ಬೈಬಲ್‌ನಿಂದ ಒಂಬತ್ತು ಭಾಗ ಓದಿ, ನಡುನಡುವೆ ಹಾಡುವ ಕ್ರಮ ಒಂದಿದೆ. 1880ರಲ್ಲಿ ಇಂಗ್ಲೆಂಡಿನ ಟ್ರೂರೋದಲ್ಲಿ ಶುರುವಾದದ್ದು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಅದು ಬಂದದ್ದು 1918ರ ಕ್ರಿಸ್‌ಮಸ್ ಹಿಂದಿನ ದಿನ. ಮಹಾಯುದ್ಧ ನಿಂತು ಆಗಷ್ಟೇ ಆರು ವಾರ ಆಗಿತ್ತು. 1928ರಲ್ಲಿ ರೇಡಿಯೋದಲ್ಲಿ ಬಂದ ಮೇಲೆ ಎಲ್ಲ ಕಡೆ ಹರಡಿತು. ಅಲ್ಲಿ ಮೊದಲ ಹಾಡಿನ ಮೊದಲ ಚರಣವನ್ನು ಒಬ್ಬನೇ ಹುಡುಗ, ಯಾವ ವಾದ್ಯವೂ ಇಲ್ಲದೆ ಹಾಡುತ್ತಾನೆ. ಎಷ್ಟೋ ಸಣ್ಣ ಚರ್ಚುಗಳಲ್ಲೂ ಹಾಗೇ ಮಾಡುತ್ತಾರೆ. ಆದ್ದರಿಂದ ಒಂದು ಕೋರಿಕೆ: ಹದಿನೈದು ನಿಮಿಷ ಮೊದಲೇ ಬನ್ನಿ. ಒಂದು ಸಲ ನಮ್ಮಲ್ಲಿ ಒಬ್ಬ ಪುಟ್ಟ ಹುಡುಗಿ ಹಾಗೆ ಒಬ್ಬಳೇ ಹಾಡುತ್ತಾ ಎರಡನೇ ಸಾಲಿಗೆ ಬಂದಾಗ ಹಿಂದಿನ ಬಾಗಿಲು ಕಿರ್ರೆಂದಿತು. ಅವಳು ನಿಲ್ಲಿಸಲಿಲ್ಲ, ಆದರೆ ಹಾಳೆ ಹಿಡಿದ ಕೈ ನಡುಗಿದ್ದು ನನಗೆ ಕಾಣಿಸಿತು.

ಇನ್ನೊಂದು. ಕಾರ್ಯಕ್ರಮದ ಹಾಳೆಯಲ್ಲಿ ಕೆಲವು ಹಾಡುಗಳ ಪಕ್ಕ ‘ಎಲ್ಲರೂ’ ಅಂತ ಇರುತ್ತದೆ. ಅದು ನಿಮಗೇ. ಮೆಲ್ಲಗಾದರೂ ಸರಿ, ಹಾಡಿ. ಪಕ್ಕದಲ್ಲಿ ಗೊತ್ತಿರುವವರೊಬ್ಬರು ಹಾಡುತ್ತಿದ್ದರೆ ಮೂರನೇ ಚರಣಕ್ಕೆ ರಾಗ ತಾನೇ ಬರುತ್ತದೆ.

ಒಬ್ಬ ತಾಯಿ

ಮಗಳು ಬರುತ್ತಾಳೆ ಅಂದಿರಿ ಅಲ್ವಾ? ಹಾಗಾದರೆ ಡ್ಯಾನ್ಸ್ ಶಾಲೆಯವರು ಮಾಡುವ ‘ನಟ್‌ಕ್ರ್ಯಾಕರ್’ ಬ್ಯಾಲೆ ನೋಡಿ. ದೊಡ್ಡ ಕಂಪನಿಯದ್ದೇ ಆಗಬೇಕಿಲ್ಲ. ಮೊದಲ ಅಂಕದಲ್ಲಿ ಕ್ರಿಸ್‌ಮಸ್ ಪಾರ್ಟಿಯ ದೃಶ್ಯ ಇದೆ, ಅಲ್ಲಿ ಕುಣಿಯುವವರಲ್ಲಿ ಎಷ್ಟೋ ಜನ ನಿಮ್ಮ ಮಗಳ ವಯಸ್ಸಿನವರೇ. ತನ್ನಷ್ಟೇ ಎತ್ತರದವರು ಸ್ಟೇಜ್ ಮೇಲೆ ಇರುವುದನ್ನು ಕಂಡಾಗ ನನ್ನ ಮಗ ಕುರ್ಚಿಯ ತುದಿಗೆ ಬಂದು ಕೂತಿದ್ದ.

ಕತೆ ಮೊದಲೇ ಹೇಳಿಬಿಡಿ, ಯಾಕೆಂದರೆ ಮಾತೇ ಇರುವುದಿಲ್ಲ. ನಾನು ಹೇಳದೆ ಕರೆದುಕೊಂಡು ಹೋಗಿದ್ದೆ. ಇಲಿಗಳ ರಾಜ ಬಂದಾಗ ಅವನು ಹೆದರಿ ಅತ್ತ. ಮುಂದಿನ ವರ್ಷ ಹೇಳಿ ಕರೆದೊಯ್ದೆ, ಅದೇ ಇಲಿಗೆ ಕಾಯುತ್ತಿದ್ದ. ಎರಡನೇ ಅಂಕದಲ್ಲಿ ಸಣ್ಣ ಗಾಜಿನ ಗಂಟೆಗಳ ಹಾಗೆ ಒಂದು ವಾದ್ಯ ಕೇಳುತ್ತದೆ, ಹೆಸರು ಚೆಲೆಸ್ಟಾ. ನೋಡಲು ಪುಟ್ಟ ಪಿಯಾನೋ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಈ ಬ್ಯಾಲೆ ಮೊದಲು ಆಡಿದಾಗ ಅದು ತೀರಾ ಹೊಸ ವಾದ್ಯ. ಇದರ ಸಂಗೀತ ಬರೆದ ಚೈಕೋವ್‌ಸ್ಕಿ ಅದನ್ನು ಪ್ಯಾರಿಸ್‌ನಲ್ಲಿ ಕೇಳಿ ಮನಸೋತು ತರಿಸಿಕೊಂಡಿದ್ದ. ಆರ್ಕೆಸ್ಟ್ರಾ ಇದ್ದರೆ ಮಗಳಿಗೆ ಅದನ್ನು ಹುಡುಕಲು ಹೇಳಿ. ಕೆಲವು ಕಡೆ ರೆಕಾರ್ಡಿಂಗ್ ಹಾಕಿ ಕುಣಿಯುತ್ತಾರೆ, ಟಿಕೆಟ್ ತೆಗೆದುಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಇನ್ನೊಬ್ಬರು

ಹೋದ ವರ್ಷ ನೀವು ಎದ್ದು ಬಂದದ್ದು ಹ್ಯಾಂಡಲ್ ಅನ್ನುವ ಸಂಗೀತಗಾರ ಕಾಯರ್ ಮತ್ತು ಆರ್ಕೆಸ್ಟ್ರಾಗೆ ಬರೆದ ‘ಮೆಸ್ಸಾಯ’ ಇರಬಹುದಾ? ಇದ್ದರೆ ತಪ್ಪು ಮಗಳದ್ದಲ್ಲ. ಪೂರ್ತಿ ಹಾಡಿದರೆ ಸುಮಾರು ಎರಡೂವರೆ ಗಂಟೆ. ಅದು ಮೊದಲು ನಡೆದದ್ದು ಕ್ರಿಸ್‌ಮಸ್‌ಗೂ ಅಲ್ಲ, 1742ರ ಏಪ್ರಿಲ್ 13ರಂದು, ಡಬ್ಲಿನ್‌ನಲ್ಲಿ. ಮೂರು ಭಾಗಗಳಲ್ಲಿ ಮೊದಲನೆಯದು ಮಾತ್ರ ಯೇಸುವಿನ ಜನನಕ್ಕೆ ಸಂಬಂಧಪಟ್ಟದ್ದು. ಅದಕ್ಕೇ ಸಣ್ಣ ಕಾಯರ್‌ಗಳು ಮೊದಲ ಭಾಗ ಹಾಡಿ, ಎರಡನೆಯ ಭಾಗದ ಕೊನೆಯ ಹಾಡು ‘ಹಲ್ಲೆಲೂಯ’ ಸೇರಿಸಿ ಮುಗಿಸುತ್ತಾರೆ. ಅಂಥದ್ದು ಸಿಕ್ಕರೆ ಮತ್ತೆ ಪ್ರಯತ್ನಿಸಿ. ಸಾಹಿತ್ಯವನ್ನು ಹಿಂದಿನ ದಿನ ಒಮ್ಮೆ ಓದಿಕೊಳ್ಳಿ, ಒಂದೇ ಸಾಲನ್ನು ಹತ್ತು ಸಲ ಹಾಡಿದಾಗ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ.

ಆ ಮೊದಲ ಕಾರ್ಯಕ್ರಮದ ಹಣ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೆ ಮತ್ತು ಎರಡು ಆಸ್ಪತ್ರೆಗಳಿಗೆ ಹೋಯಿತು. ಜಾಸ್ತಿ ಜನ ಹಿಡಿಸಲಿ ಅಂತ ಹೆಂಗಸರು ಲಂಗ ಅಗಲವಾಗಿ ನಿಲ್ಲಲು ಒಳಗೆ ಹಾಕುವ ದುಂಡನೆಯ ಚೌಕಟ್ಟು ಇಲ್ಲದೆ, ಗಂಡಸರು ಕತ್ತಿ ಇಲ್ಲದೆ ಬರಬೇಕು ಅಂತ ಕೇಳಿಕೊಂಡಿದ್ದರಂತೆ. ಈಗಲೂ ಎಷ್ಟೋ ಕಾರ್ಯಕ್ರಮಗಳ ಬಾಗಿಲಲ್ಲಿ ಡಬ್ಬಿ ಇಟ್ಟಿರುತ್ತಾರೆ. ಉಚಿತ ಪ್ರವೇಶ ಅಂತ ಖಾಲಿ ಕೈಯಲ್ಲಿ ಬರಬೇಡಿ.

ಮತ್ತೊಬ್ಬರು

ರಿಹರ್ಸಲ್ ನೋಡಲು ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ತುಂಬಾ ಕಡೆ ಬಿಡುತ್ತಾರೆ. ಬೇಸರ ಆದರೆ ಸದ್ದಿಲ್ಲದೆ ಹೊರಗೆ ಬರಬಹುದು.

ಹ್ಯಾಂಡ್‌ಬೆಲ್ ತಂಡದವರೊಬ್ಬರು

ಎಲ್ಲರೂ ಹಾಡು, ಕುಣಿತ ಹೇಳಿದರು. ಕೈಗಂಟೆಗಳನ್ನು ಯಾರೂ ಹೇಳಲಿಲ್ಲ. ಎಂಟು ವರ್ಷದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ನಂಬಿಕೆ.

ಹತ್ತು ಹನ್ನೆರಡು ಜನ ಉದ್ದ ಮೇಜಿನ ಹಿಂದೆ ನಿಲ್ಲುತ್ತೇವೆ. ಕೈಗೆ ಗ್ಲೌಸ್, ಬರಿಗೈ ತಾಗಿದರೆ ಕಂಚು ಮಂಕಾಗುತ್ತದೆ. ಸಾಮಾನ್ಯವಾಗಿ ಒಬ್ಬೊಬ್ಬರ ಪಾಲಿಗೆ ಎರಡೇ ಸ್ವರ, ಎಡಗೈಗೊಂದು ಬಲಗೈಗೊಂದು. ಸ್ವರ ನಿಲ್ಲಿಸಬೇಕಾದಾಗ ಗಂಟೆಯನ್ನು ಭುಜಕ್ಕೆ ಒತ್ತಿಕೊಳ್ಳುತ್ತೇವೆ. ಇಡೀ ರಾಗ ಯಾರೊಬ್ಬರ ಕೈಯಲ್ಲೂ ಇಲ್ಲ. ಒಂದು ವರ್ಷ ನಮ್ಮಲ್ಲೊಬ್ಬರು ಜ್ವರ ಅಂತ ಬರಲಿಲ್ಲ. ಅವರ ಸ್ವರ ಬರಬೇಕಾದ ಕಡೆಯೆಲ್ಲ ಖಾಲಿ ಉಳಿಯಿತು. ಎರಡನೇ ಹಾಡಿಗೆ ಮುಂದಿನ ಸಾಲಿನ ಮಕ್ಕಳು ಆ ಜಾಗ ಬಂದಾಗಲೆಲ್ಲ ತಾವೇ ‘ಟಿಂಗ್’ ಅಂದರು. ನಾವು ಎಷ್ಟೋ ಕಾರ್ಯಕ್ರಮ ಕೊಟ್ಟಿದ್ದೇವೆ, ಅದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ.

ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಇದು ಕಣ್ಣಿನಿಂದಲೂ ಕೇಳುವ ಸಂಗೀತ. ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಮಾತಾಡಿಸಿ. ಕೇಳಿದರೆ ಒಂದು ಕೈಗಂಟೆ ಹಿಡಿಯಲು ಕೊಡುತ್ತೇವೆ, ಗ್ಲೌಸ್ ಸಮೇತ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋದ ವರ್ಷದ್ದು ‘ಮೆಸ್ಸಾಯ’ವೇ, ಪೂರ್ತಿ! ಈ ಸಲ ಮೊದಲು ಕೈಗಂಟೆ, ಆಮೇಲೆ ಕ್ಯಾರೋಲ್, ಹದಿನೈದು ನಿಮಿಷ ಮುಂಚೆ. ಬ್ಯಾಲೆಯ ಕತೆ ಇವತ್ತು ರಾತ್ರಿ ಹೇಳುತ್ತೇನೆ. ಗಂಟೆಯವರ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ನಾಲ್ಕು ಲೋಟ ತಂದು ಬೇರೆಬೇರೆ ಮಟ್ಟಕ್ಕೆ ನೀರು ತುಂಬಿದ್ದಾಳೆ. ಎರಡು ಅವಳದ್ದು, ಎರಡು ನನ್ನದು. ನನ್ನ ಸರದಿ ತಪ್ಪಿತು ಅಂತ ಈಗ ಕೂಗುತ್ತಿದ್ದಾಳೆ, ಹೋಗಬೇಕು.